ಒಂದೇ ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕು

ಕನ್ನಡಕದ ಸ್ಕ್ರೂವನ್ನು ತುಟಿಯಲ್ಲಿ ಕಚ್ಚಿಕೊಂಡವನನ್ನು ಯಾರೂ ಏನೂ ಕೇಳಬಾರದು. ಕೇಳಿದರೂ ಅವನು ಕೊಡುವ ಉತ್ತರವನ್ನು ನಂಬಬಾರದು. ಲೋಕಕ್ಕೆಲ್ಲ ಗೊತ್ತಿರಬೇಕಾದ ಈ ಸಣ್ಣ ನಿಯಮ ಒಬ್ಬ ಟೈಲರಿಗೆ ಗೊತ್ತಿಲ್ಲದ್ದರಿಂದಲೇ ನಮ್ಮ ಫ್ರೇಮಪ್ಪ ಡಾಕ್ಟರಾದದ್ದು.

ಫ್ರೇಮಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ, ಕಸುಬು ಇಟ್ಟದ್ದು. ತಲೆಗೂದಲು ಪೂರ್ತಿ ಇದ್ದ ಕಾಲದಿಂದಲೂ ಅವನು ಕನ್ನಡಕದ ಅಂಗಡಿಯಲ್ಲಿ ಸೊಟ್ಟ ಫ್ರೇಮನ್ನು ನೆಟ್ಟಗೆ ಮಾಡುವುದು, ಮೂಗಿನ ಮೇಲೆ ಕೂರುವ ಗುಂಡಿ ಬದಲಿಸುವುದು, ಸಡಿಲವಾದ ಸ್ಕ್ರೂ ಬಿಗಿಯುವುದು ಮಾಡಿಕೊಂಡು ಬಂದವನು. ಆ ಸ್ಕ್ರೂಗಳು ಸಾಸಿವೆಗಿಂತ ಸಣ್ಣವು. ಕೆಳಗೆ ಬಿದ್ದರೆ ಭೂಮಿತಾಯಿ ನುಂಗಿಬಿಡುತ್ತಾಳೆ, ವಾಪಸು ಕೊಡುವುದಿಲ್ಲ. ಆದ್ದರಿಂದ ಫ್ರೇಮಪ್ಪ ಬಿಚ್ಚಿದ ಸ್ಕ್ರೂವನ್ನು ತುಟಿಗಳ ನಡುವೆ ಭದ್ರವಾಗಿ ಇಟ್ಟುಕೊಳ್ಳುತ್ತಿದ್ದ. ಅಂಗಡಿಯ ಮಾಲೀಕನಿಗೆ ಒಂದು ಬೆಳಿಗ್ಗೆ ಜ್ಞಾನೋದಯವಾಗಿ, ಕೆಲಸದವರೆಲ್ಲ ಬಿಳಿ ಕೋಟು ಹಾಕಬೇಕೆಂದು ಅಪ್ಪಣೆಯಾಯಿತು. ಕೋಟು ಹಾಕಿದ ಮೊದಲ ದಿನವೇ ಟೈಲರು ಕಾಲು ಕಳಚಿದ ಕನ್ನಡಕ ಹಿಡಿದುಕೊಂಡು ಒಳಗೆ ಬಂದ. ಫ್ರೇಮಪ್ಪ ಹೊಸದಾಗಿ ಬಾಡಿಗೆಗೆ ಬಂದಿದ್ದ ಕಟ್ಟಡದ ಕೆಳಗಡೆಯೇ ಅವನ ಹೊಲಿಗೆ ಅಂಗಡಿ. ಮುಖಪರಿಚಯವಷ್ಟೇ. ಕನ್ನಡಕವಿಲ್ಲದ ಟೈಲರಿಗೆ ಎದುರಿಗೆ ಕಂಡದ್ದು ಒಂದು ಮುಖ, ಒಂದು ಬಿಳಿ ಕೋಟು.

"ಅರೆ, ನೀವಾ! ನೀವು ಕಣ್ಣಿನ ಡಾಕ್ಟ್ರಾ?"

ಬಿಸಿತುಪ್ಪವಾದರೂ ಕಷ್ಟಪಟ್ಟು ನುಂಗಬಹುದು. ಸ್ಕ್ರೂವನ್ನು ಏನು ಮಾಡುವುದು? ಫ್ರೇಮಪ್ಪ "ಹ್ಞೂಂ" ಎಂದ. 'ಸ್ವಲ್ಪ ತಡೀರಿ, ಹೇಳ್ತೀನಿ' ಎಂಬುದು ಅದರ ಅರ್ಥ. ಸ್ಕ್ರೂ ತನ್ನ ಜಾಗ ಸೇರಿ ಬಾಯಿ ಖಾಲಿಯಾಗುವಷ್ಟರಲ್ಲಿ ಟೈಲರು ಕನ್ನಡಕ ಕಿತ್ತುಕೊಂಡು, "ನಮ್ಮ ಬಿಲ್ಡಿಂಗಲ್ಲೇ ಡಾಕ್ಟ್ರು! ಎಂಥಾ ಪುಣ್ಯ!" ಎನ್ನುತ್ತ ರಸ್ತೆ ದಾಟಿಯಾಗಿತ್ತು.

ಟೈಲರು ಎಂದರೆ ಬಟ್ಟೆ ಹೊಲಿಯುವವನು ಎಂದು ನೀವು ತಿಳಿದಿದ್ದರೆ ಅದು ತಪ್ಪು. ಬಟ್ಟೆ ಬರೀ ನೆಪ. ಅವನು ಹೊಲಿಯುವುದು ಸುದ್ದಿಯನ್ನು. ಸಂಜೆ ಫ್ರೇಮಪ್ಪ ಮನೆ ಮುಟ್ಟುವಷ್ಟರಲ್ಲಿ, ಅದುವರೆಗೆ ಅವನನ್ನು ಕಂಡರೂ ಬೀಡಿ ಆರಿಸದಿದ್ದ ಗೇಟಿನ ವಾಚ್‌ಮನ್ ಕುರ್ಚಿಯಿಂದ ಎದ್ದು ಸಲಾಮು ಹೊಡೆದ. ಮೆಟ್ಟಿಲ ಮೇಲೆ ಎದುರಾದವರು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು.

"ನಾನು ಡಾಕ್ಟ್ರಲ್ಲ ಅಂತ ಹೇಳೋದು ತಾನೇ?" ಎಂದಳು ಹೆಂಡತಿ.

"ಹೇಳ್ತೀನೇ. ನಾಳೆ ಹೇಳ್ತೀನಿ. ಪಾಪ, ಅಷ್ಟು ಪ್ರೀತಿಯಿಂದ ಸಲಾಮು ಹೊಡೆದ. ಆಗ್ಲೇ ಹೇಳಿದ್ರೆ ಬೇಜಾರಾಗಲ್ವಾ?"

"ಅವನಿಗಾ, ನಿಮಗಾ?"

"ಇರಲಿ ಬಿಡೇ," ಎಂದರು ಒಳಗಿನಿಂದ ಅತ್ತೆ. ಅವರು ಪೊರೆಯ ಆಪರೇಷನ್ ಮಾಡಿಸಿಕೊಂಡು ಕಪ್ಪು ಕನ್ನಡಕ ಹಾಕಿ ಮಗಳ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದರು. "ಅಳಿಯ ಡಾಕ್ಟ್ರು ಅಂದ್ರೆ ನಂಗೇನು ಕೆಟ್ಟದಾ?"

ನಾಳೆ ಬಂತು. ನಾಳೆಯ ನಾಳೆಯೂ ಬಂತು. ಸಲಾಮು ರೂಢಿಯಾಯಿತು. ಸಲಾಮಿನ ಗುಣವೇ ಅದು: ಮೊದಲು ಕಸಿವಿಸಿ, ಆಮೇಲೆ ಸಲಿಗೆ, ಕೊನೆಗೆ ವಾಚ್‌ಮನ್ ಎಲ್ಲಾದರೂ ಬೇರೆ ಕಡೆ ನೋಡುತ್ತಿದ್ದರೆ ಇವನೇ ಕೆಮ್ಮಿ ನೆನಪಿಸುವ ಹಂತ.

ಹೀಗಿರುವಾಗ ಮೇಲಿನ ಮಹಡಿಯ ಮನೆಯೊಡತಿ ಒಂದು ಬೆತ್ತದ ಬುಟ್ಟಿ ಹಿಡಿದುಕೊಂಡು ಬಾಗಿಲಿಗೆ ಬಂದರು. ಅವರು ಒಂದು ಕಾಲದಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿ; ನಿವೃತ್ತರಾದ ಮೇಲೂ ಎಲ್ಲರಿಗೂ 'ಹೆಡ್‌ಮಿಸ್'. ಬುಟ್ಟಿಯೊಳಗೆ ಅವರ ಬೂದುಬಣ್ಣದ ಬೆಕ್ಕು, ಇನ್‌ಸ್ಪೆಕ್ಟರು. ಕಟ್ಟಡದ ಎಲ್ಲ ಅಡುಗೆಮನೆಗಳನ್ನೂ ದಿನಕ್ಕೊಮ್ಮೆ ತಪಾಸಣೆ ಮಾಡಿ, ಹಾಲಿನ ಪಾತ್ರೆಯ ಬಗ್ಗೆ ಸ್ಥಳದಲ್ಲೇ ಕ್ರಮ ಕೈಗೊಳ್ಳುತ್ತಿದ್ದುದರಿಂದ ಆ ಹುದ್ದೆ ಬಂದಿತ್ತು. ಹೆಡ್‌ಮಿಸ್‌ಗೆ ಗಂಡನಿಲ್ಲ, ಮಕ್ಕಳಿಲ್ಲ, ಇದ್ದದ್ದು ಅದೊಂದೇ.

"ಡಾಕ್ಟ್ರೇ, ನನ್ನ ತಂಗಿಗೆ ಮೈ ಸರಿಯಿಲ್ಲ. ನಾನು ಹೋಗಿ ಬರೋ ತನಕ ಇವನು ನಿಮ್ಮಲ್ಲಿರಲಿ. ಒಂದೇ ಮಾತು. ಹಿಂದಿನ ಖಾಲಿ ಜಾಗದಲ್ಲಿ ಒಣಹುಲ್ಲು ಎದೆಮಟ್ಟ ನಿಂತಿದೆ. ಅಲ್ಲಿಗೆ ಬಿಡಬೇಡಿ."

ಫ್ರೇಮಪ್ಪ ಬಾಯಿ ತೆರೆದ. ಹೆಡ್‌ಮಿಸ್ ಕನ್ನಡಕದ ಮೇಲಿನಿಂದ ನೋಡಿದರು.

"ಏನಾದ್ರೂ ಹೇಳೋದಿತ್ತಾ?"

"ಏನಿಲ್ಲ ಮಿಸ್."

"ನಿಜವಾಗ್ಲೂ?"

"ನಿಜವಾಗ್ಲೂ ಮಿಸ್."

"ಸರಿ ಹಾಗಾದ್ರೆ."

ಅವರ ಆಟೋ ತಿರುವು ದಾಟುವ ತನಕ ಫ್ರೇಮಪ್ಪ ಬಾಗಿಲಲ್ಲಿ ನಿಂತು ಕೈ ಬೀಸಿದ. ವಾಚ್‌ಮನ್ ಸಲಾಮು ಹೊಡೆದ. ಇವನು ತಲೆಯಾಡಿಸಿದ. ಆ ತಲೆಯಾಡಿಸುವಿಕೆ ಒಬ್ಬ ಡಾಕ್ಟರಿಗೆ ತಕ್ಕಷ್ಟು ನಿಧಾನವಾಗಿ ನಡೆಯುತ್ತಿದ್ದಾಗ ಇನ್‌ಸ್ಪೆಕ್ಟರು ಅವನ ಎರಡು ಕಾಲುಗಳ ನಡುವಿನಿಂದ ಹೊರಗೆ ಹೋಗಿಯಾಗಿತ್ತು. ಅದು ವಾಪಸು ಬಂದಾಗ ಬೆನ್ನ ತುಂಬ ಹುಲ್ಲಿನ ಮುಳ್ಳುಕಾಳು. ಹೆಂಡತಿ ಕೂತು ಒಂದೊಂದಾಗಿ ಕಿತ್ತಳು. ಮೈಮೇಲಿದ್ದುದನ್ನೆಲ್ಲ ಕಿತ್ತಳು.

ಮಾರನೆಯ ಬೆಳಿಗ್ಗೆ ಇನ್‌ಸ್ಪೆಕ್ಟರು ಹಾಲು ಕುಡಿಯುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ತಿಳಿಯದೇ ಎಂದು ಗಾದೆ ಕೇಳುತ್ತದೆ. ಬೆಕ್ಕು ಎಡಗಣ್ಣೊಂದನ್ನೇ ಮುಚ್ಚಿ, ಬಲಗಣ್ಣಿನಲ್ಲಿ ಫ್ರೇಮಪ್ಪನನ್ನೇ ದುರುಗುಟ್ಟಿ ನೋಡುತ್ತ ಕುಡಿದರೆ ಅದರರ್ಥವೇನೆಂದು ಯಾವ ಗಾದೆಯೂ ಹೇಳುವುದಿಲ್ಲ. ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಎರಡು ಗುಟುಕಿಗೊಮ್ಮೆ ಅದು ಮುಂಗಾಲಿನಿಂದ ಕಣ್ಣು ಉಜ್ಜಿಕೊಳ್ಳುತ್ತಿತ್ತು.

"ನಡೀರಿ, ಪಶು ಡಾಕ್ಟ್ರ ಹತ್ರ ಹೋಗೋಣ," ಎಂದಳು ಹೆಂಡತಿ.

"ಹುಚ್ಚೇನೇ ನಿಂಗೆ? ಡಾಕ್ಟ್ರ ಮನೆ ಬೆಕ್ಕನ್ನ ಇನ್ನೊಬ್ರು ಡಾಕ್ಟ್ರ ಹತ್ರ ಎತ್ಕೊಂಡು ಹೋದ್ರೆ ಜನ ಏನಂತಾರೆ?"

"ನೀವು ಡಾಕ್ಟ್ರಲ್ಲ ಕಣ್ರೀ."

"ಅದು ನಿಂಗೆ ಗೊತ್ತು, ನಂಗೆ ಗೊತ್ತು. ಜನಕ್ಕೆ ಗೊತ್ತಾ?"

ಈ ತರ್ಕಕ್ಕೆ ಎದುರಾಡಲು ಆಕೆಗೆ ಮಾತು ಹೊಳೆಯುವ ಮೊದಲೇ ಅವನು ಟಾರ್ಚು ತಂದ. ಅತ್ತೆ ಬೆಕ್ಕನ್ನು ಟವೆಲ್ಲಿನಲ್ಲಿ ಸುತ್ತಿ ಹಿಡಿದರು. ಪರದೆ ಎಳೆದು ಟಾರ್ಚು ಬಿಟ್ಟದ್ದೇ ತಡ, ಅರೆತೆರೆದ ಆ ಕಣ್ಣು ಸಿಗ್ನಲ್ ದೀಪದ ಹಾಗೆ ಹಸಿರಾಗಿ ಹೊಳೆಯಿತು.

"ಅಯ್ಯಯ್ಯೋ, ಹಸಿರಾಗಿದೆ!" ಎಂದರು ಅತ್ತೆ.

ಗಾಬರಿಯಲ್ಲಿ ಫ್ರೇಮಪ್ಪ ಇನ್ನೊಂದು ಕಣ್ಣಿಗೂ ಬಿಟ್ಟ. ಅದೂ ಹಸಿರು.

"ಎರಡಕ್ಕೂ ಹರಡಿದೆ!"

ಕತ್ತಲಲ್ಲಿ ಬೆಕ್ಕಿನ ಕಣ್ಣು ಹೊಳೆಯುತ್ತದೆಂಬುದು ಮಕ್ಕಳಿಗೂ ಗೊತ್ತು. ಆದರೆ ಗಾಬರಿಯಾದವರಿಗೆ ಮಕ್ಕಳಿಗೆ ಗೊತ್ತಿರುವುದು ಮೊದಲು ಮರೆಯುತ್ತದೆ. ಫ್ರೇಮಪ್ಪನಿಗೆ ಮಿಕ್ಕದ್ದು ಅಂಗಡಿಯ ಅನುಭವ. ಅಂಗಡಿಯಲ್ಲಿ ಮಸೂರ ಬದಲಿಸುತ್ತ ಹುಡುಗಿಯೊಬ್ಬಳು ಗಿರಾಕಿಗಳನ್ನು ಕೇಳುವುದನ್ನು ಅವನು ವರ್ಷಗಟ್ಟಲೆ ಕೇಳಿದ್ದ. ಮನೆಯಲ್ಲಿದ್ದ ಎರಡು ಹಳೆಯ ಮಸೂರಗಳನ್ನು ತಂದು ಬೆಕ್ಕಿನ ಮೂತಿಯ ಮುಂದೆ ಹಿಡಿದು ಗಂಭೀರವಾಗಿ ಕೇಳಿದ:

"ಹೀಗೆ ಚೆನ್ನಾಗಿದ್ಯಾ? ಇಲ್ಲಾ... ಹೀಗಾ?"

ಇನ್‌ಸ್ಪೆಕ್ಟರು ಎರಡನೆಯದಕ್ಕೆ ಪರಚಿತು. ಕೈಗೆ ಬಟ್ಟೆ ಸುತ್ತಿಕೊಂಡು ಮತ್ತೆ ಬಗ್ಗಿ ನೋಡಿದಾಗ, ಕಣ್ಣಿನ ಒಳಮೂಲೆಯಿಂದ ಬೆಳ್ಳಗಿನ ತೆರೆಯೊಂದು ಅರ್ಧ ಕಣ್ಣಿನ ತನಕ ಸರಿದು ಬಂದದ್ದು ಕಾಣಿಸಿತು.

"ಪೊರೆ!" ಎಂದ ಫ್ರೇಮಪ್ಪ, ಕುರ್ಚಿಯಲ್ಲಿ ಕುಸಿಯುತ್ತ. "ಒಂದೇ ರಾತ್ರೀಲಿ ಪೊರೆ ಬಂದಿದೆ."

"ನಂಗೂ ಇದೇ ಇದ್ದದ್ದು," ಎಂದರು ಅತ್ತೆ, ಒಬ್ಬ ಹಳೆಯ ರೋಗಿ ಹೊಸ ರೋಗಿಯನ್ನು ನೋಡುವ ಹಿರಿತನದಿಂದ. "ಆಪರೇಷನ್ ಆದ್ಮೇಲೆ ಕೊಟ್ಟ ಡ್ರಾಪ್ಸು ಅರ್ಧ ಉಳಿದಿದೆ. ಒಂದೊಂದು ತೊಟ್ಟು ಬಿಡು. ನಂಗೆ ಎಷ್ಟು ತಂಪಾಗಿತ್ತು ಗೊತ್ತಾ!"

ಬಿಟ್ಟ. ಮಧ್ಯಾಹ್ನ ಮತ್ತೆ ಬಿಟ್ಟ. ಸಂಜೆ ಮೂರನೆಯ ಸಲ ಬಿಡುತ್ತಿದ್ದಾಗ ಫೋನು ಬಡಿದುಕೊಂಡಿತು. ವೀಡಿಯೋ ಕರೆ. ಹೆಡ್‌ಮಿಸ್.

"ಎಲ್ಲಿ ನಮ್ಮ ಇನ್‌ಸ್ಪೆಕ್ಟ್ರು? ತೋರಿಸಿ."

ಫ್ರೇಮಪ್ಪ ಬೆಕ್ಕನ್ನು ಎತ್ತಿ, ನಾಣ್ಯದ ಮೇಲಿನ ರಾಜನ ಹಾಗೆ, ಬಲಮಗ್ಗುಲು ಮಾತ್ರ ಕಾಣುವಂತೆ ಹಿಡಿದ.

"ಯಾಕೋ ಆ ಕಡೆ ನೋಡ್ತಿದಾನೆ?"

"ಕಿಟಕೀಲಿ ಹಕ್ಕಿ ಮಿಸ್."

"ಈ ಕಡೆ ತಿರುಗಿಸಿ."

"ತಿರುಗ್ತಾ ಇಲ್ಲ ಮಿಸ್. ಹಕ್ಕಿ ಮೇಲೇ ಧ್ಯಾನ."

"ನೀವು ಈ ಕಡೆ ಬನ್ನಿ ಹಾಗಾದ್ರೆ."

ಫ್ರೇಮಪ್ಪ ಬೆಕ್ಕಿನ ಸುತ್ತ ತಿರುಗುವ ಬದಲು ಬೆಕ್ಕಿನ ಸಮೇತ ತಿರುಗಿದ. ಒಂದು ಪೂರ್ತಿ ಸುತ್ತು ಬಂದರೂ ಬೆಕ್ಕಿನ ಬಲಗೆನ್ನೆ ಪರದೆಯಿಂದ ಕದಲಲಿಲ್ಲ. ಸೂರ್ಯನ ಸುತ್ತ ಗ್ರಹಗಳು ಹೇಗೆ ತಿರುಗುತ್ತವೆಂದು ಮಕ್ಕಳಿಗೆ ಕಲಿಸಿದ್ದ ಹೆಡ್‌ಮಿಸ್ ಈ ಹೊಸ ಗ್ರಹವನ್ನು ಸುಮ್ಮನೆ ನೋಡಿದರು.

"ಡಾಕ್ಟ್ರೇ, ಎಲ್ಲಾ ಸರಿ ಇದೆ ತಾನೇ?"

"ನೆಟ್‌ವರ್ಕ್... ಮಿಸ್... ಕೇಳಿಸ್ತಾ ಇಲ್ಲ..." ಎಂದು ಫ್ರೇಮಪ್ಪ ಬಾಯಿಯನ್ನು ನಿಧಾನವಾಗಿ ಆಡಿಸುತ್ತ, ಚಿತ್ರ ನಿಂತುಹೋದವನಂತೆ ಗರಬಡಿದು ನಿಂತ. ಹಿಂದೆ ಹೆಂಡತಿ ಕಸ ಗುಡಿಸುತ್ತ ಹಾದುಹೋದದ್ದು ಮಾತ್ರ ಸ್ಪಷ್ಟವಾಗಿ ಕಾಣಿಸಿತು.

ಫೋನು ಇಟ್ಟು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಬಾಗಿಲು ಬಡಿದ ಸದ್ದು. ಟೈಲರು. ಅವನ ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಮುಖವೆಲ್ಲ ನರೆತ ಮುದಿ ನಾಯಿ.

"ಬೆಳಿಗ್ಗೆ ಪರದೆ ಎಳೆದು ಟಾರ್ಚು ಹಾಕಿ ಬೆಕ್ಕನ್ನ ಟೆಸ್ಟ್ ಮಾಡ್ತಾ ಇದ್ರಂತೆ. ಪ್ರಾಣಿಗಳನ್ನೂ ನೋಡ್ತೀರಿ ಅಂತ ಒಂದು ಮಾತು ಹೇಳಬಾರದಾ? ನೋಡಿ, ಇದರ ಎರಡೂ ಕಣ್ಣು ನೀಲಿ ನೀಲಿ ಮಬ್ಬಾಗಿದೆ."

ಫ್ರೇಮಪ್ಪನ ನಾಲಿಗೆ ಒಣಗಿತು. ಅದು ಒಣಗಿದಾಗಲೆಲ್ಲ ಅಂಗಡಿಗೆ ಬಂದುಹೋಗುವ ಕಣ್ಣಿನ ಡಾಕ್ಟರು ಗಿರಾಕಿಗಳಿಗೆ ಹೇಳುವ ಮಾತೇ ಅದರ ಮೇಲೆ ತಾನಾಗಿ ಉರುಳುತ್ತಿತ್ತು.

"ಮೊಬೈಲ್ ನೋಡೋದು ಕಡಿಮೆ ಮಾಡಿಸಿ."

"ನಾಯಿ ಮೊಬೈಲ್ ನೋಡಲ್ಲ ಡಾಕ್ಟ್ರೇ."

"ನೀವು ನೋಡುವಾಗ ಪಕ್ಕದಲ್ಲಿ ಕೂತಿರುತ್ತಾ?"

"ಕೂತಿರುತ್ತೆ."

"ಅದೇ."

ಟೈಲರು ಹಣೆ ಚಚ್ಚಿಕೊಂಡ. "ಎಷ್ಟು ಸೂಕ್ಷ್ಮ ನೋಡಿ! ನನ್ನ ತಲೆಗೆ ಹೊಳೀಲೇ ಇಲ್ಲ."

ಅವನ ಹಿಂದೆಯೇ ವಾಚ್‌ಮನ್ ಬಂದ. ಅವನು ಸಾಕಿದ ಬೀದಿ ನಾಯಿಮರಿಯ ಕಣ್ಣಿನ ಮೂಲೆಯಲ್ಲಿ ಕೆಂಪಗೆ, ದುಂಡಗೆ, ಮಾಣಿಕ್ಯದಂಥ ಗಡ್ಡೆಯೊಂದು ಹೊರಬಂದಿತ್ತು. ಫ್ರೇಮಪ್ಪ ಅದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

"ಓದುವಾಗ ಬೆಳಕು ಸಾಲದೆ ಇದ್ರೆ ಹೀಗಾಗೋದುಂಟು," ಎಂದ. ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. ವಾಚ್‌ಮನ್ ಮಾತ್ರ ಭಕ್ತಿಯಿಂದ ತಲೆಯಾಡಿಸಿ, ಅಂದಿನಿಂದ ಗೇಟಿನ ಬಲ್ಬಿನ ಕೆಳಗೇ ಮರಿಯನ್ನು ಮಲಗಿಸತೊಡಗಿದ.

ಮರುದಿನ ಇನ್‌ಸ್ಪೆಕ್ಟರು ಹಾಲಿಗೆ ಬರಲಿಲ್ಲ. ಬೀರುವಿನ ಅಡಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಿತ್ತು. ಹೆಂಡತಿ ಅಡ್ಡ ಮಲಗಿ, ಕೈ ಚಾಚಿ, ಮೆಲ್ಲಗೆ ಎಳೆದುಕೊಂಡಳು. ಎಡಗಣ್ಣಿನ ರೆಪ್ಪೆಗಳು ಹಳದಿ ಪಿಸುರಿನಲ್ಲಿ ಅಂಟಿಹೋಗಿದ್ದವು. ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಒಳಗೆ, ಕಪ್ಪು ಇರಬೇಕಾದ ಕಡೆ, ಉಸಿರು ತಾಗಿದ ಗಾಜಿನಂಥ ಮಬ್ಬು.

ಫ್ರೇಮಪ್ಪನಿಗೆ ಗಾಜು ಗೊತ್ತಿತ್ತು. ಗಾಜಿನ ಮೇಲಿನ ಮಬ್ಬನ್ನು ಅವನು ದಿನಕ್ಕೆ ನೂರು ಸಲ ಬಟ್ಟೆಯಿಂದ ಒರೆಸುತ್ತಿದ್ದ. ಇದು ಒರೆಸುವ ಮಬ್ಬಲ್ಲ.

"ಅದಕ್ಕೆ ನೋವಾಗ್ತಿದೆ ಕಣ್ರೀ," ಎಂದಳು ಹೆಂಡತಿ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಬೆತ್ತದ ಬುಟ್ಟಿ ಎತ್ತಿಕೊಂಡು ಅವನು ಚಪ್ಪಲಿ ಅದಲು ಬದಲು ಮೆಟ್ಟಿ ಇಳಿದ. ಹಿಂದೆ ಹೆಂಡತಿ, ಅವಳ ಹಿಂದೆ ಕಪ್ಪು ಕನ್ನಡಕದ ಅತ್ತೆ. ಯಾರ ಕಣ್ಣಿಗೂ ಬೀಳದೆ ಹೋಗಬೇಕೆಂಬುದು ಯೋಜನೆ. ಗೇಟಿನಲ್ಲಿ ವಾಚ್‌ಮನ್, "ಆಪರೇಷನ್ನಾ ಡಾಕ್ಟ್ರೇ?" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದ. ಟೈಲರು ಹೊಲಿಯುತ್ತಿದ್ದ ಪ್ಯಾಂಟಿನ ಒಂದು ಕಾಲನ್ನು ಮಿಷನ್ನಿನಲ್ಲೇ ಬಿಟ್ಟು ಎದ್ದ.

"ಬೇರೆ ಡಾಕ್ಟ್ರ ಜೊತೆ ಚರ್ಚೆಗೆ ಹೋಗ್ತಿದಾರೆ ಕಣೋ. ದೊಡ್ಡ ಕೇಸು. ನಡಿ, ನಮ್ಮವನ್ನೂ ಹಿಡ್ಕೋ. ಇಬ್ಬರು ಡಾಕ್ಟ್ರು ಒಟ್ಟಿಗೆ ನೋಡಿಬಿಡ್ಲಿ!"

ಹೀಗೆ ಒಂದು ಬೆಕ್ಕು, ಎರಡು ನಾಯಿ, ಒಬ್ಬ ಅತ್ತೆ, ಇಷ್ಟು ಜನರ ಮೆರವಣಿಗೆ ಪಶುವೈದ್ಯರ ಕ್ಲಿನಿಕ್ಕಿಗೆ ಹೋಯಿತು. ದಾರಿಯುದ್ದಕ್ಕೂ ಟೈಲರು ಎದುರು ಬಂದವರಿಗೆಲ್ಲ ವಿವರಣೆ ಕೊಟ್ಟ. ಫ್ರೇಮಪ್ಪ ಬುಟ್ಟಿಯೊಳಗೆ ಬಗ್ಗಿ ಬಗ್ಗಿ ನೋಡುತ್ತಿದ್ದ. ಒಳಗಿನಿಂದ ಒಂದೇ ಕಣ್ಣು ಅವನನ್ನು ನೋಡುತ್ತಿತ್ತು.

ಪಶುವೈದ್ಯೆ ನಡುವಯಸ್ಸಿನವರು. ಬೆಳಿಗ್ಗೆಯಿಂದ ಯಾವುದೋ ದೊಡ್ಡ ನಾಯಿಯೊಡನೆ ಕುಸ್ತಿ ಮಾಡಿದಂತೆ ಕೂದಲು ಕೆದರಿತ್ತು. ಅವರ ಕನ್ನಡಕ ಬಗ್ಗಿದಾಗಲೆಲ್ಲ ಮೂಗಿನ ತುದಿಗೆ ಜಾರಿ ಬರುತ್ತಿತ್ತು. ಚಿಕ್ಕ ಕೋಣೆಯೊಳಗೆ ಎಲ್ಲರೂ ನುಗ್ಗಿದರು.

"ಯಾವಾಗಿಂದ ಹೀಗಿದೆ?"

"ನಿನ್ನೆಯಿಂದ," ಎಂದಳು ಹೆಂಡತಿ. "ನೀರು ಸುರೀತಿತ್ತು, ಉಜ್ಜಿಕೊಳ್ತಿತ್ತು. ಬಿಳೀ ಪೊರೆ ಬಂದಿದೆ."

"ಅದು ಪೊರೆ ಅಲ್ಲಮ್ಮ. ಬೆಕ್ಕಿಗೂ ನಾಯಿಗೂ ಮೂರನೇ ರೆಪ್ಪೆ ಅಂತ ಇರುತ್ತೆ, ಒಳಗಡೆ. ಕಣ್ಣಿಗೆ ಪೆಟ್ಟಾದ್ರೆ, ನೋವಾದ್ರೆ ಅದು ಅಡ್ಡ ಬರುತ್ತೆ, ಕಾಪಾಡೋಕೆ. ಅದು ಹೊರಗೆ ಬಂತು ಅಂದ್ರೆ ಒಳಗೇನೋ ಆಗಿದೆ ಅಂತಲೇ ಅರ್ಥ."

ಕಣ್ಣು ಮರಗಟ್ಟಿಸುವ ಔಷಧಿಯ ತೊಟ್ಟು ಬಿಟ್ಟು, ಆಮೇಲೆ ಹಳದಿ ಬಣ್ಣದ ಇನ್ನೊಂದು ತೊಟ್ಟು ಬಿಟ್ಟು ತೊಳೆದು, ನೀಲಿ ದೀಪ ಹಾಕಿದರು. ಮಬ್ಬಿನ ನಡುವೆ ಒಂದು ಮಚ್ಚೆ ಹಸಿರಾಗಿ ಉರಿಯಿತು.

"ಎಲ್ಲಿ ಹಸಿರು ಕಾಣುತ್ತೋ ಅಲ್ಲಿ ಹುಣ್ಣು. ಕಣ್ಣಿನ ಮೇಲ್ಪದರ ಕಿತ್ತು ಹೋಗಿದೆ," ಎಂದು ಅವರು ಚಿಮಟ ಎತ್ತಿಕೊಂಡರು. "ಗಟ್ಟಿ ಹಿಡ್ಕೊಳ್ಳಿ." ಬಗ್ಗಿದರು. ಕನ್ನಡಕ ಜಾರಿತು. ನೆಟ್ಟಗಾಗಿ ಮೊಣಕೈಯಿಂದ ಏರಿಸಿಕೊಂಡು ಮತ್ತೆ ಬಗ್ಗಿದರು. ಮತ್ತೆ ಜಾರಿತು. ಚಿಮಟದ ತುದಿ ಇನ್‌ಸ್ಪೆಕ್ಟರ ಕಣ್ಣಿನಿಂದ ಕೂದಲೆಳೆಯ ದೂರದಲ್ಲಿ ನಡುಗಿತು.

ಫ್ರೇಮಪ್ಪನಿಗೆ ತಡೆಯಲಾಗಲಿಲ್ಲ. ಒಂದು ಕೈ ಬೆಕ್ಕಿನ ಮೇಲಿತ್ತು. ಇನ್ನೊಂದು ಕೈಯ ತೋರುಬೆರಳನ್ನು ಚಾಚಿ ಡಾಕ್ಟರ ಕನ್ನಡಕದ ನಡುಭಾಗವನ್ನು ಅವರ ಮೂಗಿನ ಮೇಲೆ ಒತ್ತಿ ಹಿಡಿದ. ಯಾವ ಆಸ್ಪತ್ರೆಯಲ್ಲೂ ಇಂಥ ಭಂಗಿಯಲ್ಲಿ ಚಿಕಿತ್ಸೆ ನಡೆದಿರಲಾರದು. ಡಾಕ್ಟರು ಒಂದು ಕ್ಷಣ ಕಣ್ಣು ಮಿಟುಕಿಸಿದರು. ಮೂರನೇ ರೆಪ್ಪೆಯನ್ನು ಎತ್ತಿ, ಅದರ ಹಿಂದಿನಿಂದ ಒಣಹುಲ್ಲಿನ ಒಂದು ಮುಳ್ಳುಕಾಳನ್ನು, ಬಾಲದ ಸಮೇತ, ಮೆಲ್ಲಗೆ ಎಳೆದು ಬಿಳಿ ತಟ್ಟೆಯ ಮೇಲೆ ಹಾಕಿದರು.

"ಅಬ್ಬಾ!" ಎಂದಿತು ಇಡೀ ಕೋಣೆ.

"ಕಣ್ಣಿಗೆ ಏನಾದ್ರೂ ಹಾಕಿದ್ರಾ? ಮನೇಲಿ ಇದ್ದ ಡ್ರಾಪ್ಸು, ಮತ್ತೊಂದು?"

ಫ್ರೇಮಪ್ಪನ ಬೆರಳು ಇನ್ನೂ ಡಾಕ್ಟರ ಮೂಗಿನ ಮೇಲೆಯೇ ಇತ್ತು. ಅವನು ಬಾಯಿ ತೆರೆಯುವ ಮೊದಲೇ ಟೈಲರು ನಕ್ಕ.

"ಅವರನ್ನೇ ಕೇಳ್ತೀರಲ್ಲ ಮೇಡಂ! ಅವರೇ ಕಣ್ಣಿನ ಡಾಕ್ಟ್ರು. ಏನು ಹಾಕ್ಬೇಕೋ ಅದನ್ನೇ ಹಾಕಿರ್ತಾರೆ."

"ಓ, ಹೌದಾ ಡಾಕ್ಟ್ರೇ?" ಡಾಕ್ಟರ ಮುಖ ಸಡಿಲವಾಯಿತು. "ಮೊದಲೇ ಹೇಳಬಾರದಾ? ಹುಣ್ಣಿದ್ದಾಗ ಸ್ಟೀರಾಯ್ಡ್ ಡ್ರಾಪ್ಸು ಬಿಟ್ರೆ ಕಣ್ಣೇ ತೂತಾಗಬಹುದು ಅಂತ ನಿಮಗೆ ನಾನೇನು ಹೇಳೋದು! ಹಾಗಾದ್ರೆ ಚಿಂತೆ ಇಲ್ಲ, ಮಾಮೂಲಿ ಔಷಧಿ ಕೊಡ್ತೀನಿ. ಮುಂದಿನ ವಾರ ಒಂದ್ಸಲ ತೋರಿಸಿದ್ರೆ ಸಾಕು."

ಬಾಗಿಲು ತೆರೆದೇ ಇತ್ತು. ಸುಮ್ಮನಿದ್ದರೆ ಸಾಕು, ಮರ್ಯಾದೆ ಸಮೇತ ಮನೆಗೆ ಹೋಗಬಹುದು. ವಾಚ್‌ಮನ್ ಗೋಡೆಗೆ ಒರಗಿ ಹೆಮ್ಮೆಯಿಂದ ನೋಡುತ್ತಿದ್ದ. ಟವೆಲ್ಲಿನೊಳಗೆ ಇನ್‌ಸ್ಪೆಕ್ಟರ ಎದೆ ಫ್ರೇಮಪ್ಪನ ಅಂಗೈ ಕೆಳಗೆ ಡವಡವ ಎನ್ನುತ್ತಿತ್ತು. ಈ ಸಲ ಅವನ ತುಟಿಯಲ್ಲಿ ಸ್ಕ್ರೂ ಇರಲಿಲ್ಲ.

"ಹಾಕಿದೀನಿ ಮೇಡಂ," ಎಂದ. ದನಿ ಕೀರಲಾಗಿ ಬಂತು. "ಅತ್ತೆ ಡ್ರಾಪ್ಸು. ಮೂರು ಸಲ. ನಾನು ಡಾಕ್ಟ್ರಲ್ಲ. ಸ್ಕ್ರೂ ಬಿಗೀತೀನಿ."

"ಏನು ಬಿಗೀತೀರಿ?"

"ಸ್ಕ್ರೂ. ಕನ್ನಡಕದ್ದು. ನಂಗೆ ಕಣ್ಣಿನ ಬಗ್ಗೆ ಏನೂ ಗೊತ್ತಿಲ್ಲ. ಕಣ್ಣಿನ ಹೊರಗಡೆ ಇರೋದಷ್ಟೇ ಗೊತ್ತು."

ಮುದಿ ನಾಯಿ ಆಕಳಿಸಿದ್ದು ಎಲ್ಲರಿಗೂ ಕೇಳಿಸಿತು.

"ಸ್ಕ್ರೂ ವಿಷಯ ಆಮೇಲೆ. ಯಾವ ಡ್ರಾಪ್ಸು? ಹೆಸರು ಹೇಳಿ, ಬೇಗ!"

"ಇಗೊಳ್ಳಿ," ಎಂದು ಅತ್ತೆ ಕೈಚೀಲದಿಂದ ಸೀಸೆ ತೆಗೆದರು. "ನಾನು ಎಲ್ಲಿ ಹೋದ್ರೂ ಇಟ್ಕೊಂಡೇ ಇರ್ತೀನಿ."

ಡಾಕ್ಟರು ಸೀಸೆಯನ್ನು ದೀಪಕ್ಕೆ ಹಿಡಿದು ಓದಿದರು. ಮುಖ ಬಿಗಿಯಿತು. ಸೀಸೆ ನೇರವಾಗಿ ಕಸದ ಡಬ್ಬಿಗೆ ಬಿತ್ತು.

"ಸ್ಟೀರಾಯ್ಡೇ. ಇದು ಗೊತ್ತಾಗದೆ ಹೋಗಿದ್ರೆ ನಾನು ಒಂದು ವಾರ ಬಿಟ್ಟು ಬನ್ನಿ ಅಂತ ಕಳಿಸ್ತಿದ್ದೆ. ಒಂದು ವಾರದಲ್ಲಿ ನೋಡೋಕೆ ಕಣ್ಣೇ ಇರ್ತಿರಲಿಲ್ಲವೇನೋ. ಇನ್ನು ದಿನಾ ಬರಬೇಕು. ಈಗಲೂ ಉಳಿಯುತ್ತೆ ಅಂತ ಮಾತು ಕೊಡಲ್ಲ. ಮತ್ತೆ ಇನ್ಮುಂದೆ ಮನುಷ್ಯರ ಔಷಧಿ..."

"ಮುಟ್ಟಲ್ಲ ಮೇಡಂ. ನನ್ನ ಕಣ್ಣಿಗೂ ಹಾಕ್ಕೊಳಲ್ಲ."

ಟೈಲರು ಬಹಳ ಹೊತ್ತಿನಿಂದ ಏನನ್ನೋ ಲೆಕ್ಕ ಹಾಕುತ್ತಿದ್ದ. "ಅಂದ್ರೆ," ಎಂದ ನಿಧಾನವಾಗಿ, "ನನ್ನ ನಾಯಿ ಇನ್ಮೇಲೆ ಮೊಬೈಲ್ ನೋಡಬಹುದಾ?"

"ನನ್ನ ಸಲಾಮು?" ಎಂದ ವಾಚ್‌ಮನ್. "ಅಷ್ಟೂ ಸಲಾಮು?"

ಅದೇ ಗಳಿಗೆಗೆ ಫೋನು ಬಡಿದುಕೊಂಡಿತು. ವೀಡಿಯೋ. ಹೆಂಡತಿ ಗಂಡನ ಮುಖ ನೋಡಿ, ಕೇಳದೆಯೇ ಒತ್ತಿ ಅವನ ಎದುರಿಗೆ ಹಿಡಿದಳು. ಪರದೆಯ ತುಂಬ ಹೆಡ್‌ಮಿಸ್. ಫ್ರೇಮಪ್ಪ ಬೆಕ್ಕನ್ನು ಎತ್ತಿ, ಈ ಸಲ ಎಡಮಗ್ಗುಲನ್ನೇ ತೋರಿಸಿದ. ಹಳದಿ ಬಣ್ಣ ಇಳಿದ, ಊದಿದ, ಮುಚ್ಚಿದ ಕಣ್ಣು. ಅತ್ತ ಕಡೆ ಉಸಿರು ಸಿಕ್ಕಿಕೊಂಡ ಸದ್ದಾಯಿತು.

"ಬಾಗಿಲು ತೆಗೆದಿಟ್ಟಿದ್ದು ನಾನು ಮಿಸ್. ಹುಲ್ಲಿಗೆ ಹೋಗಿತ್ತು. ತಪ್ಪು ಔಷಧಿ ಹಾಕಿದ್ದೂ ನಾನೇ. ನಾನು ಡಾಕ್ಟ್ರಲ್ಲ ಮಿಸ್."

"ಅದು ಗೊತ್ತು. ನೀವು ಬರೀ 'ಹ್ಞೂಂ' ಅಂದ್ರಿ ಅಂತ ಟೈಲರು ಹೇಳಿದಾಗಲೇ ಗೊತ್ತಾಯ್ತು," ಎಂದರು ಹೆಡ್‌ಮಿಸ್. ಕಣ್ಣು ಬೆಕ್ಕಿನ ಮೇಲೇ ಇತ್ತು. "ಜೀವಮಾನವೆಲ್ಲ ಕ್ಲಾಸಲ್ಲಿ ಬಾಯೊಳಗೆ ಏನೋ ಇಟ್ಕೊಂಡು 'ಹ್ಞೂಂ' ಅನ್ನೋ ಮಕ್ಕಳನ್ನೇ ನೋಡಿದೋಳು ನಾನು. ಯಾವತ್ತು ಬಾಯಿ ಬಿಡ್ತೀರಿ ಅಂತ ದಿನಾ ಡಾಕ್ಟ್ರೇ, ಡಾಕ್ಟ್ರೇ ಅಂತ ಕರೀತಾ ಇದ್ದೆ." ಅವರು ಪರದೆಗೆ ಇನ್ನೂ ಹತ್ತಿರ ಬಂದರು. "ಕಣ್ಣು ಉಳಿಯುತ್ತಾ?"

ಹೆಂಡತಿ ಫೋನನ್ನು ಡಾಕ್ಟರತ್ತ ತಿರುಗಿಸಿದಳು.

ಅಂದಿನಿಂದ ಫ್ರೇಮಪ್ಪನ ಮನೆಯಲ್ಲಿ ನಿದ್ದೆ ಎಂಬುದು ಪಾಳಿಯ ಪ್ರಕಾರ ನಡೆಯಿತು. ಕಣ್ಣು ಉಜ್ಜಿಕೊಳ್ಳದಂತೆ ಇನ್‌ಸ್ಪೆಕ್ಟರ ಕೊರಳಿಗೆ ಲಾಳಿಕೆಯಂಥ ಪ್ಲಾಸ್ಟಿಕ್ ಪಟ್ಟಿ ಬಂತು. ಅದು ಪ್ರತಿ ಬಾಗಿಲಿಗೂ ಡಿಕ್ಕಿ ಹೊಡೆದು, ಪ್ರತಿ ಡಿಕ್ಕಿಗೂ ಫ್ರೇಮಪ್ಪನನ್ನೇ ನೋಡುತ್ತಿತ್ತು. ಅಲಾರಾಂ ಹೊಡೆದಾಗಲೆಲ್ಲ ಅವನು ಕೈ ತೊಳೆದು, ಸೀಸೆಯ ಹೆಸರು ಓದಿ, ಹೆಂಡತಿಯಿಂದ ಓದಿಸಿ, ಅತ್ತೆಯಿಂದಲೂ ಓದಿಸಿ, ಆಮೇಲೆ ತೊಟ್ಟು ಬಿಡುತ್ತಿದ್ದ. ದಿನಾ ಕ್ಲಿನಿಕ್ಕು, ದಿನಾ ನೀಲಿ ದೀಪ. ಹಸಿರು ಮಚ್ಚೆ ಮೊದಲೆರಡು ದಿನ ಹಾಗೇ ಇತ್ತು. ಒಮ್ಮೆ ದೊಡ್ಡದಾದಂತೆಯೂ ಕಂಡು ಫ್ರೇಮಪ್ಪ ಗೋಡೆ ಹಿಡಿದುಕೊಂಡ. ಆಮೇಲೆ ಅಂಚಿನಿಂದ ಒಳಗೆ ಕರಗತೊಡಗಿತು: ಗುಂಡಿಯಷ್ಟು, ಕಾಳಿನಷ್ಟು, ಕೊನೆಗೆ 'ಅವನ ಸ್ಕ್ರೂನಷ್ಟು' ಎಂದರು ಅತ್ತೆ.

ಅದೇ ಕ್ಲಿನಿಕ್ಕಿನಲ್ಲಿ ಮಿಕ್ಕವರ ಲೆಕ್ಕವೂ ಚುಕ್ತಾ ಆಯಿತು. ಡಾಕ್ಟರು ಟೈಲರ ನಾಯಿಯ ಮುಂದೆ ಹತ್ತಿಯ ಉಂಡೆಗಳನ್ನು ಸದ್ದಿಲ್ಲದೆ ಬೀಳಿಸಿದರು. ಮುದಿ ನಾಯಿ ಒಂದೊಂದನ್ನೂ ತಲೆ ತಿರುಗಿಸಿ ನೋಡಿತು. "ಕಣ್ಣು ಕಾಣುತ್ತೆ. ನೀಲಿ ಮಬ್ಬು ವಯಸ್ಸಿಂದು, ನಮ್ಮ ನರೆಗೂದಲು ಇದ್ದ ಹಾಗೆ," ಎಂದರು. ಮರಿಯ ಕೆಂಪು ಗಡ್ಡೆ ಜಾಗ ಬಿಟ್ಟು ಹೊರಬಂದ ಕಣ್ಣೀರಿನ ಗ್ರಂಥಿಯಂತೆ. ಕತ್ತರಿಸಿ ಎಸೆಯಬಾರದು, ಸಣ್ಣ ಆಪರೇಷನ್ನಿನಲ್ಲಿ ಒಳಗೆ ಕೂರಿಸಬೇಕು. ಕೂರಿಸಿದರು. ಅವತ್ತಿನಿಂದ ವಾಚ್‌ಮನ್ ಸಲಾಮುಗಳನ್ನೆಲ್ಲ ಕಟ್ಟಿಟ್ಟು ಆ ಡಾಕ್ಟರು ರಸ್ತೆಯಲ್ಲಿ ಕಂಡಾಗ ಒಟ್ಟಿಗೆ ಹೊಡೆಯುತ್ತಾನೆ.

ತಂಗಿ ಚೇತರಿಸಿಕೊಂಡ ಕೂಡಲೇ ಹೆಡ್‌ಮಿಸ್ ಬಂದಿಳಿದರು. ಮನೆಗೂ ಹೋಗದೆ, ಪೆಟ್ಟಿಗೆ ಸಮೇತ, ನೇರ ಕ್ಲಿನಿಕ್ಕಿಗೆ. ಕೊನೆಯ ಸಲದ ಹಳದಿ ತೊಟ್ಟು, ಕೊನೆಯ ಸಲದ ನೀಲಿ ದೀಪ. ಎಲ್ಲರೂ ಮೇಜಿನ ಸುತ್ತ ಬಗ್ಗಿದರು. ಹಸಿರು ಎಲ್ಲೂ ಇರಲಿಲ್ಲ. ನಡುವೆ ಹೊಗೆಯ ಎಳೆಯಂಥ ಒಂದು ಸಣ್ಣ ಕಲೆ ಮಾತ್ರ ಉಳಿದಿತ್ತು.

"ಅದು ಇರುತ್ತೆ," ಎಂದರು ಡಾಕ್ಟರು. "ನೋಟಕ್ಕೆ ತೊಂದರೆ ಇಲ್ಲ."

ಹೆಡ್‌ಮಿಸ್ ಲಾಳಿಕೆಯೊಳಗೆ ಮುಖ ತೂರಿಸಿ ಬಹಳ ಹೊತ್ತು ಇನ್‌ಸ್ಪೆಕ್ಟರ ಜೊತೆ ಏನೋ ಮಾತಾಡಿದರು. ಆಮೇಲೆ ತಲೆ ಎತ್ತಿ, ಮೂಲೆಯಲ್ಲಿ ನಿಂತಿದ್ದ ಫ್ರೇಮಪ್ಪನತ್ತ ತಿರುಗಿದರು. ಅವನು ಬೆಂಚಿನ ಮೇಲೆ ನಿಲ್ಲಲು ತಯಾರಾದ ಹುಡುಗನಂತೆ ಕೈ ಕಟ್ಟಿಕೊಂಡ.

"ನಿಮ್ಮನ್ನ ಡಾಕ್ಟ್ರು ಅಂತ ನಂಬಿ ಬೆಕ್ಕು ಕೊಟ್ಟಿದ್ದಲ್ಲ ನಾನು. ಗಾಬರಿ ಬೀಳೋ ಮನುಷ್ಯ ಅಂತ ಕೊಟ್ಟಿದ್ದು. ಗ್ಯಾಸ್ ಆರಿಸಿದ್ದೀನಾ ಅಂತ ಅರ್ಧ ಮೆಟ್ಟಿಲಿಂದ ವಾಪಸ್ ಹೋಗೋರು ಈ ಬಿಲ್ಡಿಂಗಲ್ಲಿ ನೀವೊಬ್ಬರೇ. ಅಂಥೋರು ಬೆಕ್ಕನ್ನ ಎರಡೆರಡು ಸಲ ನೋಡ್ತಾರೆ ಅಂದ್ಕೊಂಡೆ. ನೋಡಿದ್ರಿ ಕೂಡ. ನೋಡಿದ ಮೇಲೆ ಮಾಡಿದ್ದು ಮಾತ್ರ..." ಎಂದು ನಿಲ್ಲಿಸಿ, ತಮ್ಮ ಕನ್ನಡಕ ತೆಗೆದು ಅವನ ಕೈಗಿಟ್ಟರು. "ಪ್ರಯಾಣದಲ್ಲಿ ಸಡಿಲವಾಗಿದೆ. ನಾಳೆ ಅಂಗಡಿಗೆ ಬರ್ತೀನಿ. ಇದಾದ್ರೂ ನಿಮಗೆ ಬರುತ್ತೆ ತಾನೇ?"

"ಬರುತ್ತೆ ಮಿಸ್."

ಮರುದಿನ ಅವರು ಅಂಗಡಿಗೆ ಬಂದಾಗ ಅವರ ಕನ್ನಡಕ ಎರಡು ತುಂಡಾಗಿ ಫ್ರೇಮಪ್ಪನ ಮೇಜಿನ ಮೇಲಿತ್ತು. ಸ್ಕ್ರೂ ಅವನ ತುಟಿಯಲ್ಲಿತ್ತು. ಅಷ್ಟರಲ್ಲಿ ಹೊಸ ಗಿರಾಕಿಯೊಬ್ಬರು, ಕನ್ನಡಕವಿಲ್ಲದ ಮುದುಕರು, ತಡವರಿಸುತ್ತ ಒಳಗೆ ಬಂದು, ಎದುರಿಗೆ ಕಂಡ ಬಿಳಿ ಕೋಟಿಗೆ ಕೈ ಜೋಡಿಸಿದರು.

"ನೀವೇನಾ ಡಾಕ್ಟ್ರು?"

"ಅಲ್ಲ!"

ಆ ಒಂದು ಮಾತು ಎಷ್ಟು ರಭಸದಿಂದ ಬಂತೆಂದರೆ, ಸ್ಕ್ರೂ ಮೇಜು ದಾಟಿ, ಮುದುಕರ ಕಿವಿಯ ಪಕ್ಕದಿಂದ ಹಾರಿ, ಎಲ್ಲೋ 'ಟಿಣ್' ಎಂದು ಮಾಯವಾಯಿತು. ಮಾಲೀಕ ಮೊಣಕಾಲೂರಿದ. ಮಸೂರದ ಹುಡುಗಿ ಮೊಣಕಾಲೂರಿದಳು. ಏನು ಹುಡುಕುವುದೆಂದು ತಿಳಿಯದ ಮುದುಕರೂ ಊರಿದರು. ಫ್ರೇಮಪ್ಪ ಮೇಜಿನ ಅಡಿಯಲ್ಲಿ, ಮೊನ್ನೆ ಬೀರುವಿನ ಅಡಿಯಲ್ಲಿ ಬೆಕ್ಕು ಕೂತಂತೆ, ಗೋಡೆಗೆ ಮುಖ ಮಾಡಿ ನೆಲ ತಡವುತ್ತಿದ್ದ. ಮೇಲಿನಿಂದ, ಕಣ್ಣು ಕಿರಿದು ಮಾಡಿಕೊಂಡು ಹೆಡ್‌ಮಿಸ್ ಕೇಳಿದರು:

"ಸಿಕ್ತಾ ಡಾಕ್ಟ್ರೇ?"

"ಸಿಕ್ಕಿಲ್ಲ ಮಿಸ್," ಎಂದಿತು ಮೇಜಿನ ಅಡಿಯ ದನಿ. "ಡಾಕ್ಟ್ರೂ ಅಲ್ಲ ಮಿಸ್."